ಗಾಂಧಿ ಸ್ಮರಣೆ ಮತ್ತು ಸ್ಮರಣಿಕೆಗಳು

ಮೋಹನದಾಸ ಕರಮಚಂದ ಗಾಂಧಿಯವರ (2 ಅಕ್ಟೋಬರ್ 1869 – 30 ಜನವರಿ 1948) ನೆನಪನ್ನು ಭಾರತದಲ್ಲಿ ಮತ್ತು ಹೊರದೇಶಗಳಲ್ಲಿ ರಜಾದಿನ, ಅಂಚೆಚೀಟಿ, ನಾಣ್ಯ, ನೋಟು, ಪ್ರತಿಮೆ, ವಸ್ತುಸಂಗ್ರಹಾಲಯ ಮೊದಲಾದವುಗಳ ಮೂಲಕ ಉಳಿಸಿಕೊಂಡು ಬರಲಾಗಿದೆ. ಅವರ ಜೀವನದ ಸಣ್ಣಪುಟ್ಟ ಸಂಗತಿಗಳು ಶಾಲಾ ರಸಪ್ರಶ್ನೆಗಳಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಬಳಕೆಯಲ್ಲಿವೆ. ಅವರು ಬಳಸಿದ ಕನ್ನಡಕ, ಚಪ್ಪಲಿ, ಚರಕಗಳು ಹರಾಜಿನಲ್ಲಿ ಲಕ್ಷಾಂತರ ಮೊತ್ತಕ್ಕೆ ಮಾರಾಟವಾಗಿವೆ. ಸ್ವತಃ ಗಾಂಧೀಜಿ ವ್ಯಕ್ತಿಪೂಜೆಯನ್ನು ಒಪ್ಪುತ್ತಿರಲಿಲ್ಲ. ತಮಗೆ ಬಂದ ಕಾಣಿಕೆಗಳನ್ನು ಸಾರ್ವಜನಿಕ ಕೆಲಸಕ್ಕೆ ಬಿಟ್ಟುಕೊಡುತ್ತಿದ್ದರು. ಆದ್ದರಿಂದ ಅವರ ಸ್ಮರಣೆಯ ಇತಿಹಾಸದಲ್ಲಿ ಗೌರವ ಮತ್ತು ಅವರ ಇಚ್ಛೆ ಇವೆರಡರ ನಡುವಿನ ಎಳೆದಾಟ ಮೊದಲಿನಿಂದಲೂ ಕಂಡುಬರುತ್ತದೆ.

ಗಾಂಧೀಜಿಯವರ ನಿಲುವು

1901ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಹೊರಟಾಗ ನೇಟಾಲಿನ ಭಾರತೀಯರು ಅವರಿಗೆ ಚಿನ್ನ, ಬೆಳ್ಳಿ ಮತ್ತು ವಜ್ರದ ಉಡುಗೊರೆಗಳನ್ನು ನೀಡಿದರು. ಕಸ್ತೂರಬಾ ಅವರಿಗೆಂದೇ ಕೊಟ್ಟ 50 ಗಿನಿ ಬೆಲೆಯ ಚಿನ್ನದ ಹಾರವೂ ಅದರಲ್ಲಿತ್ತು. ಸಾರ್ವಜನಿಕ ಸೇವೆಗಾಗಿ ಬಂದುದನ್ನು ಇಟ್ಟುಕೊಳ್ಳುವುದು ಸರಿಯಲ್ಲವೆಂದು ನಿರ್ಧರಿಸಿದ ಗಾಂಧೀಜಿ ಎಲ್ಲವನ್ನೂ ಒಂದು ದತ್ತಿಗೆ ಒಪ್ಪಿಸಿದರು. ಕಸ್ತೂರಬಾ ಇದನ್ನು ಬಲವಾಗಿ ವಿರೋಧಿಸಿದರೆಂದೂ ಬಹಳ ಕಷ್ಟಪಟ್ಟು ಒಪ್ಪಿಸಬೇಕಾಯಿತೆಂದೂ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಹಾರ ಅವರದೇ ಆಗಿದ್ದರಿಂದ ಕಸ್ತೂರಬಾ ಅವರ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಮುಂದೆ ಭಾರತದಲ್ಲಿಯೂ ಇದೇ ಪದ್ಧತಿ ಮುಂದುವರಿಯಿತು. 1933–34ರ ಹರಿಜನ ಪ್ರವಾಸದ ಸಭೆಗಳಲ್ಲಿ ತಮಗೆ ಅರ್ಪಿಸಿದ ಬೆಳ್ಳಿಯ ಕರಂಡಕಗಳನ್ನೂ ಇತರ ಕಾಣಿಕೆಗಳನ್ನೂ ಅವರು ಹರಾಜು ಹಾಕಿ ಹಣವನ್ನು ಹರಿಜನ ನಿಧಿಗೆ ಸೇರಿಸುತ್ತಿದ್ದರು. ಹಸ್ತಾಕ್ಷರ ಬೇಡಿ ಬಂದವರಿಂದ ಆ ನಿಧಿಗಾಗಿ 5 ರೂಪಾಯಿ ಪಡೆಯುತ್ತಿದ್ದುದು ಪ್ರಸಿದ್ಧ. ಸ್ಮರಣಿಕೆಗಳಿಗೆ ಬೆಲೆ ಬರುತ್ತದೆ ಎಂಬುದನ್ನು ಗಾಂಧೀಜಿ ಚೆನ್ನಾಗಿ ಬಲ್ಲವರಾಗಿದ್ದರು. ಆ ಬೆಲೆ ಯಾರಿಗೆ ಸಲ್ಲಬೇಕು ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು.

ಒಂದು ದೇವಾಲಯದಲ್ಲಿ ತಮ್ಮ ವಿಗ್ರಹವನ್ನು ಸ್ಥಾಪಿಸಿ ಪೂಜಿಸಲಾಗುತ್ತಿದೆ ಎಂಬ ಸುದ್ದಿ ತಲುಪಿದಾಗ ಅವರು 'ಹರಿಜನ' ಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದರು. ತಮ್ಮ ಪ್ರತಿಮೆಗಾಗಿ ಹಣ ವೆಚ್ಚ ಮಾಡುವ ಪ್ರಸ್ತಾಪಗಳನ್ನೂ ಅವರು ಒಪ್ಪಲಿಲ್ಲ.

ಜನ್ಮದಿನದ ವಿಷಯದಲ್ಲಿ ಅವರ ಸಲಹೆ ಸ್ಪಷ್ಟವಾಗಿತ್ತು. ಆಚರಿಸಲೇಬೇಕೆಂದರೆ ಅದು ಚರಕದ ಜಯಂತಿಯಾಗಲಿ ಎಂದು ಅವರು ಬಯಸಿದರು. ಗಾಂಧೀಜಿ ಹುಟ್ಟಿದ ತಿಥಿ ಭಾದ್ರಪದ ಬಹುಳ ದ್ವಾದಶಿ. ಗುಜರಾತಿಯಲ್ಲಿ ಚರಕಕ್ಕೆ 'ರೆಂಟಿಯೊ' ಎನ್ನುವುದರಿಂದ ಈ ದಿನಕ್ಕೆ ಅಲ್ಲಿ 'ರೆಂಟಿಯಾ ಬಾರಸ್' ಎಂಬ ಹೆಸರು ಬಂದಿದೆ. ಕರ್ನಾಟಕದ ಪಂಚಾಂಗದ ಪ್ರಕಾರ ಈ ತಿಥಿ ಹಿರಿಯರನ್ನು ನೆನೆಯುವ ಮಹಾಲಯ ಪಕ್ಷದಲ್ಲಿ ಬರುತ್ತದೆ.

ಅವರ ಕೊನೆಯ ಹುಟ್ಟುಹಬ್ಬವು 2 ಅಕ್ಟೋಬರ್ 1947ರಂದು ದೆಹಲಿಯ ಬಿರ್ಲಾ ಭವನದಲ್ಲಿ ಕಳೆಯಿತು. ದೇಶವಿಭಜನೆಯ ಹಿಂಸೆ ಇನ್ನೂ ನಿಂತಿರಲಿಲ್ಲ. ಉಪವಾಸ, ಪ್ರಾರ್ಥನೆ ಮತ್ತು ನೂಲುವಿಕೆಯಲ್ಲಿ ದಿನ ಕಳೆದ ಗಾಂಧೀಜಿ, ಈ ಹೊತ್ತಿನಲ್ಲಿ ಅಭಿನಂದನೆಗಿಂತ ಸಂತಾಪವೇ ಹೆಚ್ಚು ಸೂಕ್ತ ಎಂಬ ಅರ್ಥದ ಮಾತುಗಳನ್ನಾಡಿದರು. 125 ವರ್ಷ ಬದುಕುವ ಹಿಂದಿನ ಆಸೆ ತಮ್ಮಲ್ಲಿ ಉಳಿದಿಲ್ಲ ಎಂದೂ ಹೇಳಿದರು. ಅದಾಗಿ ನಾಲ್ಕು ತಿಂಗಳೊಳಗೆ ಅದೇ ಭವನದ ಆವರಣದಲ್ಲಿ ಅವರ ಹತ್ಯೆ ನಡೆಯಿತು.

ರಜಾದಿನ ಮತ್ತು ಆಚರಣೆಗಳು

ಗಣರಾಜ್ಯೋತ್ಸವ (26 ಜನವರಿ) ಮತ್ತು ಸ್ವಾತಂತ್ರ್ಯ ದಿನಾಚರಣೆಗಳ (15 ಆಗಸ್ಟ್) ಜೊತೆಗೆ ಗಾಂಧಿ ಜಯಂತಿಯು (2 ಅಕ್ಟೋಬರ್) ಭಾರತದಾದ್ಯಂತ ಆಚರಿಸಲಾಗುವ ಮೂರು ರಾಷ್ಟ್ರೀಯ ರಜಾದಿನಗಳಲ್ಲಿ ಒಂದು. ಈ ಮೂರರಲ್ಲಿ ವ್ಯಕ್ತಿಯೊಬ್ಬರ ಹೆಸರಿನಲ್ಲಿರುವುದು ಇದೊಂದೇ. ಕರ್ನಾಟಕದಲ್ಲಿ ಕಾರ್ಖಾನೆ ಮೊದಲಾದ ಕೈಗಾರಿಕಾ ಸಂಸ್ಥೆಗಳ ನೌಕರರಿಗೆ ಈ ದಿನ ವೇತನಸಹಿತ ರಜೆ ನೀಡಬೇಕೆಂದು 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆಯು ವಿಧಿಸುತ್ತದೆ. ಮೇ 1 ಮತ್ತು ಕನ್ನಡ ರಾಜ್ಯೋತ್ಸವದ ನವೆಂಬರ್ 1 ಕೂಡ ಅದೇ ಪಟ್ಟಿಯಲ್ಲಿವೆ.

ದೆಹಲಿಯ ರಾಜಘಾಟ್‌ನಲ್ಲಿ ರಾಷ್ಟ್ರಪತಿ ಮತ್ತು ಪ್ರಧಾನಿ ಪುಷ್ಪನಮನ ಸಲ್ಲಿಸುತ್ತಾರೆ. ಸರ್ವಧರ್ಮ ಪ್ರಾರ್ಥನೆ ನಡೆಯುತ್ತದೆ. ಮದ್ಯದಂಗಡಿಗಳು ಮುಚ್ಚಿರುತ್ತವೆ. ಬೆಂಗಳೂರಿನಲ್ಲಿ ಪ್ರಾಣಿವಧೆ ಮತ್ತು ಮಾಂಸ ಮಾರಾಟವನ್ನೂ ಆ ದಿನ ನಿಷೇಧಿಸಲಾಗುತ್ತದೆ. ಖಾದಿ ಭಂಡಾರಗಳು ರಿಯಾಯಿತಿ ದರದ ಮಾರಾಟವನ್ನು ಈ ದಿನದ ಆಸುಪಾಸಿನಲ್ಲಿ ಆರಂಭಿಸುತ್ತವೆ. ಚರಕದ ಜಯಂತಿಯಾಗಬೇಕೆಂಬ ಗಾಂಧೀಜಿಯವರ ಬಯಕೆಗೆ ಇಂದಿನ ಆಚರಣೆಗಳಲ್ಲಿ ಅತಿ ಹತ್ತಿರವಾಗಿರುವುದು ಬಹುಶಃ ಈ ರಿಯಾಯಿತಿಯೇ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಅವರ 150ನೇ ಜಯಂತಿಯ ದಿನವಾದ 2 ಅಕ್ಟೋಬರ್ 2019ನ್ನು ತನ್ನ ಗುರಿಯ ದಿನವಾಗಿ ಇರಿಸಿಕೊಂಡಿತ್ತು.

ಇದೇ ದಿನ 1904ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಜನಿಸಿದರು. ಶಾಲೆ ಮತ್ತು ಕಚೇರಿಗಳಲ್ಲಿ ಇಬ್ಬರ ಭಾವಚಿತ್ರಗಳನ್ನೂ ಇಟ್ಟು ಪೂಜಿಸುವ ರೂಢಿಯಿದ್ದರೂ ಭಾಷಣಗಳಲ್ಲಿ ಶಾಸ್ತ್ರಿಯವರಿಗೆ ಸಿಗುವ ಪಾಲು ಚಿಕ್ಕದು.

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 15 ಜೂನ್ 2007ರಂದು ಅಂಗೀಕರಿಸಿದ ನಿರ್ಣಯದಂತೆ ಅಕ್ಟೋಬರ್ 2 ಅಂತರರಾಷ್ಟ್ರೀಯ ಅಹಿಂಸಾ ದಿನವೂ ಆಗಿದೆ.

ಹತ್ಯೆಯ ದಿನವಾದ ಜನವರಿ 30ನ್ನು ಹುತಾತ್ಮರ ದಿನ ಅಥವಾ ಸರ್ವೋದಯ ದಿನವೆಂದು ಕರೆಯುತ್ತಾರೆ. ಅಂದು ರಜೆಯಿಲ್ಲ; ಬೆಳಿಗ್ಗೆ 11 ಗಂಟೆಗೆ ಎರಡು ನಿಮಿಷಗಳ ಮೌನಾಚರಣೆ ಇರುತ್ತದೆ. ಕನ್ಯಾಕುಮಾರಿಯಲ್ಲಿ ಚಿತಾಭಸ್ಮದ ಕರಂಡಕವನ್ನು ಸಾರ್ವಜನಿಕ ದರ್ಶನಕ್ಕೆ ಇರಿಸಿದ್ದ ಸ್ಥಳದಲ್ಲಿ 1956ರಲ್ಲಿ ಗಾಂಧಿ ಮಂಟಪ ನಿರ್ಮಾಣವಾಯಿತು. ಪ್ರತಿ ಅಕ್ಟೋಬರ್ 2ರ ಮಧ್ಯಾಹ್ನ ಸೂರ್ಯಕಿರಣಗಳು ಆ ಜಾಗದ ಮೇಲೆಯೇ ಬೀಳುವಂತೆ ಅದರ ಚಾವಣಿಯಲ್ಲಿ ರಂಧ್ರವನ್ನು ಬಿಡಲಾಗಿದೆ.

ಪ್ರಚಲಿತ ಸಂಗತಿಗಳು ಮತ್ತು ತಪ್ಪು ತಿಳಿವಳಿಕೆಗಳು

ಗಾಂಧೀಜಿಯವರ ಕುರಿತು ರಸಪ್ರಶ್ನೆಗಳಲ್ಲಿ ಕೇಳಲಾಗುವ ಅನೇಕ ಪ್ರಶ್ನೆಗಳಿಗೆ ಒಂದೇ ಸಾಲಿನ ಉತ್ತರ ಸಾಲದು.

'ಮಹಾತ್ಮ' ಎಂಬ ಬಿರುದನ್ನು ಕೊಟ್ಟವರು ರವೀಂದ್ರನಾಥ ಠಾಕೂರರು ಎಂಬುದು ಪಠ್ಯಪುಸ್ತಕಗಳ ರೂಢಿಯ ಉತ್ತರ. ಠಾಕೂರರ ಬಳಕೆಯಿಂದ ಅದು ಜನಪ್ರಿಯವಾದುದು ನಿಜ. ಆದರೆ ಗಾಂಧೀಜಿಯವರ ಗೆಳೆಯ ಪ್ರಾಣಜೀವನ ಮೆಹ್ತಾ 1909ರಲ್ಲಿ ಗೋಪಾಲಕೃಷ್ಣ ಗೋಖಲೆಯವರಿಗೆ ಬರೆದ ಪತ್ರದಲ್ಲಿಯೇ ಈ ಪದ ಬಂದಿದೆ. 1915ರ ಜನವರಿಯಲ್ಲಿ ಕಾಠಿಯಾವಾಡದ ಗೊಂಡಲ್‌ನಲ್ಲಿ ಅರ್ಪಿಸಿದ ಮಾನಪತ್ರದಲ್ಲಿಯೂ ಅವರನ್ನು ಹಾಗೆ ಸಂಬೋಧಿಸಲಾಗಿತ್ತು.

'ರಾಷ್ಟ್ರಪಿತ' ಎಂಬುದು ಸರ್ಕಾರ ನೀಡಿದ ಬಿರುದಲ್ಲ. ಸುಭಾಷಚಂದ್ರ ಬೋಸರು 6 ಜುಲೈ 1944ರ ಬಾನುಲಿ ಭಾಷಣದಲ್ಲಿ ಗಾಂಧೀಜಿಯವರನ್ನು ಹಾಗೆ ಕರೆದರು. ಹತ್ಯೆಯಾದ ರಾತ್ರಿಯ ಭಾಷಣದಲ್ಲಿ ಜವಾಹರಲಾಲ್ ನೆಹರು ಕೂಡ ಅದನ್ನು ಬಳಸಿದರು. ಅಧಿಕೃತ ಆದೇಶ ಯಾವುದಾದರೂ ಇದೆಯೇ ಎಂದು ಲಖನೌದ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆ 2012ರಲ್ಲಿ ದೊಡ್ಡ ಸುದ್ದಿಯಾಯಿತು. ಶೈಕ್ಷಣಿಕ ಮತ್ತು ಸೈನಿಕ ಪದವಿಗಳ ಹೊರತು ಬೇರಾವ ಬಿರುದನ್ನೂ ಪ್ರಭುತ್ವವು ನೀಡುವಂತಿಲ್ಲ ಎನ್ನುವ ಸಂವಿಧಾನದ 18(1)ನೇ ವಿಧಿಯನ್ನು ಗೃಹ ಸಚಿವಾಲಯ ಉತ್ತರವಾಗಿ ಮುಂದಿಟ್ಟಿತು. ಹೀಗೆ ಜನರ ಬಾಯಲ್ಲಿ ನೆಲೆಯೂರಿದ ಹೆಸರೊಂದು ಯಾವ ಆದೇಶವೂ ಇಲ್ಲದೆ ಉಳಿದುಬಂದಿದೆ.

ನೊಬೆಲ್ ಶಾಂತಿ ಪ್ರಶಸ್ತಿಗೆ ಅವರ ಹೆಸರು 1937, 1938, 1939, 1947 ಮತ್ತು 1948ರಲ್ಲಿ, ಒಟ್ಟು ಐದು ಬಾರಿ, ಸೂಚಿತವಾಗಿತ್ತು. 1948ರಲ್ಲಿ ಸೂಕ್ತರಾದ ಜೀವಂತ ಅಭ್ಯರ್ಥಿ ಇಲ್ಲವೆಂಬ ಕಾರಣ ನೀಡಿ ಸಮಿತಿಯು ಶಾಂತಿ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ.

ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿರಿ ಎಂಬ ಮಾತು ಶಾಲಾ ಗೋಡೆಗಳ ಮೇಲೆ ಅವರ ಹೆಸರಿನಲ್ಲಿ ಧಾರಾಳವಾಗಿ ಕಾಣಸಿಗುತ್ತದೆ. ಈ ರೂಪದಲ್ಲಿ ಅದು ಅವರ ಬರಹಗಳಲ್ಲಿ ಇಲ್ಲ. ಇಂದಿರಾ ಗಾಂಧಿಯವರ ಕುಟುಂಬಕ್ಕೂ ಗಾಂಧೀಜಿಯವರಿಗೂ ರಕ್ತಸಂಬಂಧವಿಲ್ಲ; ಆ ಹೆಸರು ಅವರಿಗೆ ಪತಿ ಫಿರೋಜ್ ಗಾಂಧಿಯವರಿಂದ ಬಂದುದು. ದೇಶ ಸ್ವತಂತ್ರವಾದ 15 ಆಗಸ್ಟ್ 1947ರಂದು ಗಾಂಧೀಜಿ ದೆಹಲಿಯ ಸಮಾರಂಭದಲ್ಲಿ ಇರಲಿಲ್ಲ. ಕೋಮುಗಲಭೆಯಿಂದ ತತ್ತರಿಸಿದ್ದ ಕಲ್ಕತ್ತೆಯ ಬೆಲಿಯಾಘಾಟದ ಮನೆಯೊಂದರಲ್ಲಿ ಉಪವಾಸ ಮತ್ತು ನೂಲುವಿಕೆಯಲ್ಲಿ ಆ ದಿನವನ್ನು ಕಳೆದರು.

ಅದೇ ವರ್ಷ ನಡೆದ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್‌ರ ವಿವಾಹಕ್ಕೆ ತಾವೇ ನೂತ ನೂಲಿನಿಂದ ಮಾಡಿದ ಕಸೂತಿ ಬಟ್ಟೆಯೊಂದನ್ನು ಅವರು ಉಡುಗೊರೆಯಾಗಿ ಕಳುಹಿಸಿದ್ದರು. ಅದನ್ನು ಲಂಗೋಟಿ ಎಂದು ಭಾವಿಸಿ ರಾಣಿ ಮೇರಿ ಅಸಮಾಧಾನಗೊಂಡ ಪ್ರಸಂಗವನ್ನು ಇಂದಿಗೂ ಸ್ವಾರಸ್ಯವಾಗಿ ಹೇಳುತ್ತಾರೆ.

ಅಂಚೆಚೀಟಿಗಳು

ಸ್ವತಂತ್ರ ಭಾರತದ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಮೊದಲ ಭಾರತೀಯ ವ್ಯಕ್ತಿ ಗಾಂಧೀಜಿ. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವವಾದ 15 ಆಗಸ್ಟ್ 1948ರಂದು ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿಗಳ ನಾಲ್ಕು ಚೀಟಿಗಳು ಬಿಡುಗಡೆಯಾದವು. ಅವುಗಳ ಮೇಲೆ ಹಿಂದಿ ಮತ್ತು ಉರ್ದು ಲಿಪಿಗಳೆರಡರಲ್ಲೂ 'ಬಾಪು' ಎಂದು ಮುದ್ರಿಸಲಾಗಿತ್ತು. ಭಾಷೆಯ ಹೆಸರಿನಲ್ಲಿ ಹಿಂದೂ–ಮುಸ್ಲಿಮರು ದೂರವಾಗಬಾರದೆಂದು ಎರಡೂ ಲಿಪಿಗಳ ಹಿಂದೂಸ್ತಾನಿಯನ್ನು ಪ್ರತಿಪಾದಿಸಿದ್ದ ವ್ಯಕ್ತಿಗೆ ಇದು ಒಪ್ಪುವ ಗೌರವವೇ. ಆದರೆ ಸ್ವದೇಶಿಯ ಪ್ರವರ್ತಕನ ಈ ಚೀಟಿಗಳು ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಕೂರ್ವೊಯಸಿಯೆ ಮುದ್ರಣಾಲಯದಲ್ಲಿ.

10 ರೂಪಾಯಿಯ ಚೀಟಿಗಳ ಪೈಕಿ 100ರ ಮೇಲೆ ಗವರ್ನರ್ ಜನರಲ್ ಕಚೇರಿಯ ಬಳಕೆಗಾಗಿ 'ಸರ್ವಿಸ್' ಎಂಬ ಮೇಲಚ್ಚು ಹಾಕಲಾಯಿತು. ಇವು ಭಾರತದ ಅತ್ಯಂತ ವಿರಳ ಚೀಟಿಗಳಲ್ಲಿ ಸೇರಿವೆ. ಇಂತಹ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಬ್ರಿಟನ್ನಿನಲ್ಲಿ 5 ಲಕ್ಷ ಪೌಂಡ್‌ಗಳಿಗೆ ಮಾರಾಟವಾಯಿತು.

ವಿದೇಶಗಳ ಪೈಕಿ ಅಮೆರಿಕ ಸಂಯುಕ್ತ ಸಂಸ್ಥಾನವು 1961ರ ಜನವರಿ 26ರಂದು 4 ಮತ್ತು 8 ಸೆಂಟ್‌ಗಳ ಗಾಂಧಿ ಚೀಟಿಗಳನ್ನು ಹೊರತಂದಿತು. ಗಾಂಧೀಜಿಯವರನ್ನು ಹಲವು ಬಾರಿ ಸೆರೆಗೆ ಹಾಕಿದ್ದ ಬ್ರಿಟನ್, ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಬಿಮನ್ ಮಲ್ಲಿಕ್ ವಿನ್ಯಾಸಗೊಳಿಸಿದ ಚೀಟಿಯನ್ನು ಪ್ರಕಟಿಸಿತು. ಬ್ರಿಟಿಷ್ ಅಂಚೆಚೀಟಿಯ ಮೇಲೆ ಹೊರನಾಡಿನ ನಾಯಕರೊಬ್ಬರು ಕಾಣಿಸಿಕೊಂಡದ್ದು ಅದೇ ಮೊದಲು. 1948ರ ವಿದೇಶಿ ಮುದ್ರಣದ ಕೊರತೆಯನ್ನು ತುಂಬುವಂತೆ, ಭಾರತೀಯ ಅಂಚೆ ಇಲಾಖೆ 2011ರ ಫೆಬ್ರವರಿಯಲ್ಲಿ ಖಾದಿ ಬಟ್ಟೆಯ ಮೇಲೆಯೇ ಮುದ್ರಿಸಿದ ಗಾಂಧಿ ಚೀಟಿಯನ್ನು ಬಿಡುಗಡೆ ಮಾಡಿತು. ಅದರ ಮುಖಬೆಲೆ 250 ರೂಪಾಯಿ.

ನಾಣ್ಯಗಳು ಮತ್ತು ನೋಟುಗಳು

ಜನ್ಮಶತಾಬ್ದಿಗಾಗಿ 20 ಪೈಸೆ, 50 ಪೈಸೆ, 1 ರೂಪಾಯಿ ಮತ್ತು ಬೆಳ್ಳಿಯ 10 ರೂಪಾಯಿ ನಾಣ್ಯಗಳನ್ನು ಟಂಕಿಸಲಾಯಿತು. ಅದೇ 1969ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿದ ಸ್ಮಾರಕ ನೋಟುಗಳ ಮೇಲೆ ಸೇವಾಗ್ರಾಮ ಆಶ್ರಮದ ಹಿನ್ನೆಲೆಯಲ್ಲಿ ಕುಳಿತ ಗಾಂಧೀಜಿಯವರ ಚಿತ್ರವಿತ್ತು. 1987ರಲ್ಲಿ ಅವರ ಭಾವಚಿತ್ರವಿರುವ 500 ರೂಪಾಯಿಯ ನೋಟು ಬಂದಿತು. 1996ರಲ್ಲಿ ಆರಂಭವಾದ 'ಮಹಾತ್ಮಾ ಗಾಂಧಿ ಸರಣಿ'ಯಿಂದ ಅಶೋಕ ಸ್ತಂಭದ ಜಾಗವನ್ನು ಗಾಂಧೀಜಿಯವರ ಮುಖ ತೆಗೆದುಕೊಂಡಿತು. 2016ರ ನಂತರದ ನೋಟುಗಳ ಹಿಂಬದಿಯಲ್ಲಿ ಸ್ವಚ್ಛ ಭಾರತದ ಲಾಂಛನವಾಗಿ ಅವರ ಕನ್ನಡಕವೂ ಇದೆ.

ನೋಟಿನ ಮೇಲಿನ ನಗುಮುಖವು ಚಿತ್ರಕಾರರ ಕಲ್ಪನೆಯಲ್ಲ. 1946ರಲ್ಲಿ ಬ್ರಿಟಿಷ್ ಸಚಿವ ಪೆಥಿಕ್ ಲಾರೆನ್ಸ್ ಅವರೊಂದಿಗೆ ಇದ್ದಾಗ ತೆಗೆದ ಛಾಯಾಚಿತ್ರದಿಂದ ಅದನ್ನು ಆಯ್ದುಕೊಳ್ಳಲಾಗಿದೆ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಲಂಚದ ಹಣದ ಮೇಲೂ ಇದೇ ಮುಖವಿರುವುದು ವ್ಯಂಗ್ಯಚಿತ್ರಕಾರರಿಗೆ ಎಂದೂ ಬತ್ತದ ವಸ್ತುವಾಗಿದೆ.

ಬಳಸಿದ ವಸ್ತುಗಳು ಮತ್ತು ಹರಾಜುಗಳು

ಗಾಂಧೀಜಿ ಬಿಟ್ಟುಹೋದ ವಸ್ತುಗಳು ಬೆರಳೆಣಿಕೆಯವು: ಕನ್ನಡಕ, ಚಪ್ಪಲಿ, ಪಾದುಕೆ, ಗಡಿಯಾರ, ಊಟದ ಬಟ್ಟಲು, ಪುಸ್ತಕಗಳು, ಮೂರು ಮಂಗಗಳ ಪುಟ್ಟ ಗೊಂಬೆ. ಬೊಂಬೆಯ ಪ್ರತಿಕೃತಿಗಳು ಇಂದು ಗಾಂಧಿ ಸ್ಮಾರಕಗಳ ಬಳಿ ಹೆಚ್ಚಾಗಿ ಮಾರಾಟವಾಗುವ ಸ್ಮರಣಿಕೆಗಳಲ್ಲಿ ಒಂದು. ಕೆಟ್ಟದ್ದನ್ನು ನೋಡದ, ಕೇಳದ, ಆಡದ ಈ ಮಂಗಗಳ ಮೂಲ ಪರಂಪರೆ ಜಪಾನಿನದು. ಹತ್ಯೆಯ ವೇಳೆ ತೊಟ್ಟಿದ್ದ ರಕ್ತಸಿಕ್ತ ವಸ್ತ್ರಗಳು ದೆಹಲಿಯ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯದಲ್ಲಿವೆ. 1959ರಲ್ಲಿ ಆರಂಭವಾದ ಮಧುರೈನ ಗಾಂಧಿ ಸ್ಮಾರಕ ಸಂಗ್ರಹಾಲಯದಲ್ಲಿಯೂ ರಕ್ತದ ಕಲೆಯಿರುವ ಬಟ್ಟೆಯನ್ನು ಇರಿಸಲಾಗಿದೆ. ಬಿರ್ಲಾ ಭವನವು 1973ರಲ್ಲಿ 'ಗಾಂಧಿ ಸ್ಮೃತಿ'ಯಾಗಿ ಸಾರ್ವಜನಿಕರಿಗೆ ತೆರೆಯಿತು.

ಜೀವಿತಾವಧಿಯಲ್ಲಿ ಆಪ್ತರಿಗೂ ಅಪರಿಚಿತರಿಗೂ ಕೊಟ್ಟ ವಸ್ತುಗಳು ಕೈಬದಲಾಗುತ್ತಾ ಹರಾಜು ಕಟ್ಟೆಗೆ ಬಂದಿವೆ. ಇವುಗಳಲ್ಲಿ ಹೆಚ್ಚು ಕೋಲಾಹಲವೆಬ್ಬಿಸಿದ್ದು 2009ರ ಮಾರ್ಚ್ 5ರಂದು ನ್ಯೂಯಾರ್ಕ್‌ನಲ್ಲಿ ನಡೆದ ಹರಾಜು. ಕನ್ನಡಕ, ಚಪ್ಪಲಿ, ಜೇಬು ಗಡಿಯಾರ, ತಟ್ಟೆ ಮತ್ತು ಬಟ್ಟಲು ಅದರಲ್ಲಿದ್ದವು. ಹರಾಜನ್ನು ತಡೆಯಬೇಕೆಂಬ ಕೂಗು ಸಂಸತ್ತಿನವರೆಗೂ ಮುಟ್ಟಿತು. ನವಜೀವನ ಟ್ರಸ್ಟ್‌ನ ಅರ್ಜಿಯ ಮೇಲೆ ದೆಹಲಿ ಉಚ್ಚ ನ್ಯಾಯಾಲಯ ತಡೆಯಾಜ್ಞೆಯನ್ನೂ ನೀಡಿತು. ಕೊನೆಗೆ ಬೆಂಗಳೂರಿನ ಮದ್ಯೋದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರ್‌ಗಳಿಗೆ ಅವನ್ನು ಕೊಂಡರು. ಪಾನನಿಷೇಧಕ್ಕಾಗಿ ಜೀವನವಿಡೀ ವಾದಿಸಿದವರ ವಸ್ತುಗಳು ಮದ್ಯದ ಹಣದಿಂದ ಬಿಡಿಸಲ್ಪಟ್ಟುದನ್ನು ಆಗಿನ ಪತ್ರಿಕೆಗಳು ಗಮನಿಸದೆ ಇರಲಿಲ್ಲ.

2012ರಲ್ಲಿ ಇಂಗ್ಲೆಂಡಿನ ಶ್ರಾಪ್‌ಷೈರ್‌ನಲ್ಲಿ ನಡೆದ ಹರಾಜಿನಲ್ಲಿ, ಗಾಂಧೀಜಿ ಗುಂಡೇಟಿಗೆ ಬಿದ್ದ ಸ್ಥಳದ್ದೆಂದು ಹೇಳಲಾದ ಚಿಟಿಕೆ ಮಣ್ಣು ಮತ್ತು ಹುಲ್ಲು 10,000 ಪೌಂಡ್‌ಗಳಿಗೆ ಹೋಯಿತು. ಮರುವರ್ಷ ಯರವಡಾ ಸೆರೆಮನೆಯಲ್ಲಿ ಬಳಸಿದ ಚರಕಕ್ಕೆ 1,10,000 ಪೌಂಡ್ ಬಂದಿತು. 2020ರಲ್ಲಿ ಬ್ರಿಸ್ಟಲ್ ಬಳಿಯ ಹರಾಜು ಸಂಸ್ಥೆಯೊಂದರ ಅಂಚೆಪೆಟ್ಟಿಗೆಯಲ್ಲಿ ಯಾರೋ ಲಕೋಟೆಯಲ್ಲಿ ಹಾಕಿಹೋಗಿದ್ದ ಕನ್ನಡಕವು 2,60,000 ಪೌಂಡ್‌ಗಳಿಗೆ ಮಾರಾಟವಾಯಿತು.

ಇವುಗಳಿಗಿಂತ ಇತಿಹಾಸಕಾರರಿಗೆ ಮುಖ್ಯವಾದ ಖರೀದಿ ಬೇರೊಂದು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರ ಒಡನಾಡಿಯಾಗಿದ್ದ ವಾಸ್ತುಶಿಲ್ಪಿ ಹರ್ಮನ್ ಕ್ಯಾಲೆನ್‌ಬಾಕ್ ಅವರ ಕುಟುಂಬದಲ್ಲಿ ಉಳಿದಿದ್ದ ಪತ್ರ ಮತ್ತು ದಾಖಲೆಗಳನ್ನು 2012ರಲ್ಲಿ ಲಂಡನ್‌ನಲ್ಲಿ ಹರಾಜಾಗುವ ಮೊದಲೇ ಭಾರತ ಸರ್ಕಾರ ಸುಮಾರು 7 ಲಕ್ಷ ಪೌಂಡ್‌ಗಳಿಗೆ ಪಡೆದುಕೊಂಡಿತು. ಕನ್ನಡಕ ಹೇಳಲಾರದ್ದನ್ನು ಪತ್ರಗಳು ಹೇಳುತ್ತವೆ.

ಕಾನೂನಿನ ಮಿತಿ

ಲಾಂಛನಗಳು ಮತ್ತು ಹೆಸರುಗಳ (ಅನುಚಿತ ಬಳಕೆ ತಡೆ) ಕಾಯ್ದೆ, 1950ರ ಅನುಸೂಚಿಯ ಪ್ರಕಾರ ಗಾಂಧೀಜಿಯವರ ಹೆಸರನ್ನು ಅಥವಾ ಚಿತ್ರವನ್ನು ಸರ್ಕಾರದ ಅನುಮತಿಯಿಲ್ಲದೆ ವಾಣಿಜ್ಯಕ್ಕೆ ಬಳಸುವಂತಿಲ್ಲ. ಕ್ಯಾಲೆಂಡರ್‌ಗಳಿಗೆ ವಿನಾಯಿತಿ ಇದೆ. ಆದರೆ ಅದರಲ್ಲಿ ತಯಾರಕರ ಮತ್ತು ಮುದ್ರಕರ ಹೆಸರು ಮಾತ್ರ ಇರಬೇಕು, ಸರಕಿನ ಜಾಹೀರಾತಿಗೆ ಅದನ್ನು ಬಳಸಬಾರದು.

ಈ ಕಾಯ್ದೆ ಪರೀಕ್ಷೆಗೆ ಒಳಗಾದದ್ದು 2009ರಲ್ಲಿ. ಮಾಂಟ್‌ಬ್ಲಾಂಕ್ ಕಂಪನಿಯು ದಂಡಿ ಯಾತ್ರೆಯ 241 ಮೈಲುಗಳ ನೆನಪಿಗೆಂದು 241 ಚಿನ್ನದ ಲೇಖನಿಗಳನ್ನು ತಯಾರಿಸಿ, ಪ್ರತಿಯೊಂದಕ್ಕೆ 11 ಲಕ್ಷ ರೂಪಾಯಿಗೂ ಮೀರಿದ ಬೆಲೆಯಿಟ್ಟಿತು. ವಿಷಯ ಕೇರಳ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2010ರಲ್ಲಿ ಭಾರತದಲ್ಲಿ ಅವುಗಳ ಮಾರಾಟ ನಿಂತಿತು. ದಂಡಿ ಯಾತ್ರೆ ನಡೆದದ್ದು ಬಡವನೂ ತೆರಬೇಕಾಗಿದ್ದ ಉಪ್ಪಿನ ತೆರಿಗೆಯ ವಿರುದ್ಧ.

ಕರ್ನಾಟಕದಲ್ಲಿ

ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಅಧಿವೇಶನಕ್ಕೆ ಬಂದವರಿಗೆ ನೀರೊದಗಿಸಲು ತೋಡಿದ ಬಾವಿ ಇಂದಿಗೂ 'ಕಾಂಗ್ರೆಸ್ ಬಾವಿ' ಎಂಬ ಹೆಸರಿನಲ್ಲಿ ಉಳಿದಿದೆ. ಅದರ ಸಮೀಪ ವೀರಸೌಧ ಎಂಬ ಸ್ಮಾರಕವಿದೆ. 1927ರಲ್ಲಿ ಅನಾರೋಗ್ಯದ ನಂತರ ಅವರು ವಿಶ್ರಾಂತಿ ಪಡೆದದ್ದು ನಂದಿಬೆಟ್ಟದಲ್ಲಿ ಮತ್ತು ಬೆಂಗಳೂರಿನ ಕುಮಾರ ಕೃಪಾದಲ್ಲಿ. ದಂಡು ಪ್ರದೇಶದ ಸೌತ್ ಪರೇಡ್ 1948ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾಯಿತು. ಈಗ ಬೆಂಗಳೂರಿಗರಿಗೆ ಅದು ಎಂ.ಜಿ. ರೋಡ್, ಸಂಕ್ಷೇಪದ ಹಿಂದಿನ ಹೆಸರು ಬಾಯಿಗೆ ಬರುವುದು ಅಪರೂಪ.

ಮಂಗಳೂರಿನ ಕಂಕನಾಡಿ ಗರೋಡಿಯಲ್ಲಿ, ತುಳುನಾಡಿನ ವೀರರಾದ ಕೋಟಿ–ಚೆನ್ನಯರ ಕ್ಷೇತ್ರದ ಆವರಣದಲ್ಲಿಯೇ, ಗಾಂಧೀಜಿಯವರ ಮೂರ್ತಿಗೆ ನಿತ್ಯ ಪೂಜೆ ನಡೆಯುತ್ತದೆ. ಗಾಂಧೀಜಿ ಇಂತಹ ಪೂಜೆಯನ್ನು ಒಪ್ಪುತ್ತಿರಲಿಲ್ಲವೆಂಬುದು ಅವರ ಬರಹದಿಂದ ಸ್ಪಷ್ಟ. ಸತ್ಯಕ್ಕಾಗಿ ಪ್ರಾಣಬಿಟ್ಟವರನ್ನು ದೈವಗಳ ಸಾಲಿಗೆ ಸೇರಿಸಿಕೊಳ್ಳುವುದು ಆ ನೆಲದ ಹಳೆಯ ಪದ್ಧತಿಯೆಂಬುದೂ ಅಷ್ಟೇ ನಿಜ.

ಬೆಂಗಳೂರಿನ ಮೌರ್ಯ ವೃತ್ತದ ಬಳಿಯ ಗಾಂಧಿ ಪ್ರತಿಮೆಗೆ ಅಕ್ಟೋಬರ್ 2ರಂದು ಹಾರ ಬೀಳುತ್ತದೆ. ವರ್ಷದ ಉಳಿದ ದಿನಗಳಲ್ಲಿ ರಾಜಕೀಯ ಪಕ್ಷಗಳೂ ಸಂಘಟನೆಗಳೂ ಧರಣಿ ಕೂರಲು ಅದರ ಬುಡವನ್ನೇ ಆಯ್ದುಕೊಳ್ಳುತ್ತಿದ್ದವು.